ಮೂವರು, ರೈಟ್

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

‘ಪ್ರೀತಿಯ’ ಎಂದು ಬರೆಯಲೇಬೇಕು ಅಂತ ನಿಮ್ಮಮ್ಮನ ಅಪ್ಪಣೆ. ಬರೆದಿದ್ದೇನೆ. ಆರೋಗ್ಯವಾಗಿದ್ದೀಯಾ? ಆ ದವಡೆ ಹಲ್ಲು ಕೀಳಿಸಿದೆಯಾ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ತಿರುಗುತ್ತಿದ್ದೀಯಾ? ನಾವಿಬ್ಬರೂ ಇದ್ದೇವೆ. ನನ್ನ ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ನಿನಗೆ ಫೋನು ಮಾಡಿದರೆ ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಯಾವಳೋ ಹೇಳುತ್ತಾಳೆ. ಅವಳಿಗೆ ಬೈದದ್ದೂ ಆಯಿತು. ಹಡಗಿನ ಆಫೀಸಿನವರನ್ನು ಕೇಳಿದರೆ, ನಿಮ್ಮ ಮಗಳು ಅಡುಗೆ ಕೆಲಸ ಬಿಟ್ಟು ನಾಲ್ಕು ತಿಂಗಳ ಹಿಂದೆಯೇ ಬಂದರಿನಲ್ಲಿ ಇಳಿದು ಹೋದಳು, ಆಮೇಲಿನದು ನಮಗೆ ಗೊತ್ತಿಲ್ಲ ಅಂದರು. ಅದಕ್ಕೇ ನೀನು ಕೊನೆಗೆ ಬರೆದ ಬಾಡಿಗೆ ರೂಮಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ನಗಬೇಡ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನು.

ಸುದ್ದಿ ಏನೆಂದರೆ ನಾವಿಬ್ಬರೂ ಕಡಲ ದಂಡೆಯ ರಸ್ತೆಯಲ್ಲಿ ನಾಲ್ಕು ದಿನ ಕಾರಿನಲ್ಲಿ ಸುತ್ತಿ ಬಂದೆವು. ಇಪ್ಪತ್ತೆರಡು ವರ್ಷ ನಾನು ಬಸ್ಸು ಓಡಿಸಿ, ಅವಳು ಟಿಕೆಟ್ ಹರಿದು ಅದೇ ರಸ್ತೆಯಲ್ಲಿ ಸವೆದಿದ್ದೇವಲ್ಲ, ರಿಟೈರಾದ ಮೇಲೂ ಅದೇ ಯಾಕೆ ಅಂದೆ. “ಆಗ ನೀವು ಟೈಮ್ ನೋಡ್ತಿದ್ರಿ, ನಾನು ತಲೆ ಎಣಿಸ್ತಿದ್ದೆ. ಸಮುದ್ರ ಯಾರು ನೋಡಿದ್ರು?” ಅಂದಳು. ಕಾರು ಹಳೆಯದು, ಕಿಟಕಿಯ ಗಾಜನ್ನು ಹಿಡಿ ತಿರುಗಿಸಿಯೇ ಏರಿಸಬೇಕು. ನಿಮ್ಮಮ್ಮನಿಗೆ ಕಂಡಕ್ಟರ್ ಚಾಳಿ ಇನ್ನೂ ಹೋಗಿಲ್ಲ. ಎಲ್ಲಿ ನಿಂತು ಹೊರಟರೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, “ಇಬ್ಬರು, ರೈಟ್” ಅನ್ನುತ್ತಾಳೆ. ಅವಳು ರೈಟ್ ಅನ್ನದೆ ನನ್ನ ಕಾಲೂ ಕ್ಲಚ್ ಬಿಡುವುದಿಲ್ಲ, ಅದು ಬೇರೆ ಮಾತು. ಮೊದಲ ದಿನ ಚೆನ್ನಾಗಿತ್ತು. ಬಂಡೆಗಳ ಕೆಳಗಿನ ನೀರಿನಲ್ಲಿ ಡಾಲ್ಫಿನ್‌ಗಳು ನಮ್ಮ ಜೊತೆ ಪಂದ್ಯ ಕಟ್ಟಿದ ಹಾಗೆ ಹಾರುತ್ತಾ ಬಂದವು. ನಿಮ್ಮಮ್ಮ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

ಎರಡನೇ ದಿನ ಆ ನೀರುನಾಯಿ ಸ್ಟಾಪು ಬಂತು. ನಿನಗೆ ನೆನಪಿರಲೇಬೇಕು. ಸ್ಕೂಲು ಬಿಟ್ಟ ಮೇಲೆ ನಿನ್ನನ್ನು ನೋಡಿಕೊಳ್ಳುವವರಿಲ್ಲ ಅಂತ ಬಸ್ಸಿನ ಹಿಂದಿನ ಸೀಟಿನಲ್ಲಿ, ಎಡಗಡೆ ಕಿಟಕಿಗೆ ಕೂರಿಸಿಕೊಳ್ಳುತ್ತಿದ್ದೆವು. ನಿನಗೆ ಏಳು ವರ್ಷ. ಅಲ್ಲಿ ಬಸ್ಸು ನಿಂತಾಗ ನೀರುನಾಯಿ ನೋಡಲು ನೀನು ಇಳಿದು ಹೋಗಿದ್ದೆ. ನಿಮ್ಮಮ್ಮ ಟಿಕೆಟ್ ಇದ್ದ ತಲೆಗಳನ್ನೆಲ್ಲ ಎಣಿಸಿ ರೈಟ್ ಅಂದಳು. ನಿನಗೆ ಟಿಕೆಟ್ ಎಲ್ಲಿತ್ತು? ಹತ್ತೊಂಬತ್ತು ಕಿಲೋಮೀಟರ್ ಹೋದ ಮೇಲೆ ಗೊತ್ತಾಯಿತು. ಜನ ಬೈಯುತ್ತಿದ್ದರೂ ಬಸ್ಸು ತಿರುಗಿಸಿಕೊಂಡು ಬಂದೆ. ನೀನು ಬಂಡೆಯ ಮೇಲೆ ಕೂತಿದ್ದೆ, ಸುತ್ತ ಐದು ನೀರುನಾಯಿ ಪಂಚಾಯಿತಿ ಸೇರಿದ ಹಾಗೆ. ನೀನು ಅಳುತ್ತಿರಲಿಲ್ಲ. “ಅಮ್ಮ ನನ್ನ ಎಣಿಸೋದೇ ಇಲ್ಲ ಅಲ್ವಾಪ್ಪ” ಅಂದೆ, ಅಷ್ಟೇ. ಅವತ್ತಿನಿಂದ ನಿಮ್ಮಮ್ಮ ಎಲ್ಲರಿಗಿಂತ ಮೊದಲು ಎಣಿಸುತ್ತಿದ್ದುದು ನಿನ್ನ ತಲೆ.

ಸ್ಟಾಪಿನ ಚಾವಣಿ ಈಗಲೂ ಇದೆ, ಬೆಂಚು ಮುರಿದಿದೆ. ಕಾರು ನಿಲ್ಲಿಸಿ ನಾವು ಬಂಡೆಯ ತನಕ ನಡೆದೆವು. ಅಲ್ಲಿ ಐದು ನೀರುನಾಯಿ ಇದ್ದವು. ಅವೇ ಇರಲು ಸಾಧ್ಯವಿಲ್ಲ, ಅಷ್ಟು ವರ್ಷ ಅವು ಬದುಕುವುದಿಲ್ಲ. ಅವು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಮ್ಮ ಕಾಲಿನ ಪಕ್ಕದಲ್ಲೇ ಹಾದು, ಒಂದರ ಹಿಂದೆ ಒಂದು ಕಾರಿನ ಹತ್ತಿರ ಹೋಗಿ, ಹಿಂದಿನ ಎಡಬಾಗಿಲ ಎದುರು ಎರಡು ಕಾಲಿನ ಮೇಲೆ ಎದ್ದು ನಿಂತವು. ಸ್ವಲ್ಪ ಹೊತ್ತು ಕತ್ತೆತ್ತಿ ನೋಡಿ ನೀರಿಗೆ ಇಳಿದವು, ಒಂದು ಸದ್ದಿಲ್ಲ. ನಾನು ಬಾಗಿಲು ತೆಗೆದು ನೋಡಿದೆ. ಬರೀ ಸೀಟು. ನಿಮ್ಮಮ್ಮ ಬಂದು ಕೂತಳು, ಹಿಂದಕ್ಕೆ ತಿರುಗಿದಳು. “ಮೂವರು, ರೈಟ್” ಅಂದಳು. ಕಣ್ಣು ತೋರಿಸ್ಕೋ ಅಂತ ಬೈದೆ. ಅವಳು ಹಿಂದಿನ ಸೀಟಿನಿಂದ ಕಣ್ಣು ಕೀಳಲಿಲ್ಲ. ಎಂದಾದರೂ ನನ್ನ ಬೈಗುಳಕ್ಕೆ ಸುಮ್ಮನಿದ್ದವಳೇ ಅವಳು?

ಅಲ್ಲಿಂದ ಮುಂದೆ ಎಲ್ಲವೂ ಹಾಗೇ. ಬಿಳಿ ಕಡಲಹಕ್ಕಿಗಳು ಹಿಂದಿನ ಎಡಕಿಟಕಿಯ ಸಮಕ್ಕೇ ಹಾರಿ ಬಂದವು, ಕಿರುಚದೆ, ಕೊಕ್ಕು ಮುಚ್ಚಿಕೊಂಡು. ರಸ್ತೆ ಬದಿಯಲ್ಲಿದ್ದ ನರಿ ಓಡಲಿಲ್ಲ; ನಮ್ಮನ್ನು ಬಿಟ್ಟು ಆ ಕಿಟಕಿಯನ್ನೇ ನೋಡುತ್ತಾ ಕತ್ತು ತಿರುಗಿಸಿತು. ಮೂರನೇ ದಿನ ಬೆಳಗ್ಗೆ ಒಂದು ಜಿಂಕೆ ಬಂದು, ಯಾರೋ ಅಂಗೈಯಲ್ಲಿ ಏನೋ ಕೊಟ್ಟ ಹಾಗೆ, ಅದೇ ಕಿಟಕಿಯೊಳಗೆ ಮೂತಿ ಇಟ್ಟಿತು. ಆ ಗಾಜನ್ನು ಏರಿಸಿದವನು ನಾನೇ. ಇಳಿಸಿದ್ದು ಯಾರು?

ಆ ಮಧ್ಯಾಹ್ನ ಬೆಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂತು, ರಸ್ತೆ ಕಿರಿದು. ಹಳೆಯ ಅಭ್ಯಾಸ, ಬಾಯಿ ತಪ್ಪಿ “ತಲೆ ಒಳಗೆ!” ಎಂದು ಕೂಗಿಬಿಟ್ಟೆ. ಹಿಂದೆ ಹಿಡಿ ತಿರುಗುವ ಸದ್ದು ಕೇಳಿಸಿತು, ಕಿರ್, ಕಿರ್, ಕಿರ್. ಗಾಜು ಏರಿತು. ನಿಮ್ಮಮ್ಮನ ಎರಡು ಕೈಗಳೂ ಮಡಿಲಲ್ಲಿದ್ದವು. ಕಾರು ಬದಿಗೆ ಹಾಕಿ ಅರ್ಧ ಗಂಟೆ ಸ್ಟಿಯರಿಂಗ್ ಹಿಡಿದೇ ಕೂತಿದ್ದೆ. ನಾನು ಯಾವುದಕ್ಕೂ ಹೆದರುವ ಪ್ರಾಣಿಯಲ್ಲ, ನಿನಗೆ ಗೊತ್ತು. ನಿಮ್ಮಮ್ಮ ಮಾತ್ರ ಹಿಂದಕ್ಕೆ ಕೈ ಚಾಚಿ, ಯಾರದೋ ಕೂದಲು ಸರಿಮಾಡಿದ ಹಾಗೆ ಗಾಳಿಯಲ್ಲಿ ಸವರಿದಳು.

ನಿನ್ನೆ ಮನೆಗೆ ಬಂದೆವು. ಪಕ್ಕದ ಮನೆ ದರ್ಜಿ ನಿನ್ನನ್ನು ಕೇಳಿದ. ಪತ್ರ ಬಂದಿದೆ, ಚೆನ್ನಾಗಿದ್ದಾಳೆ ಅಂತ ಸುಳ್ಳು ಹೇಳಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರು, ನೂರು ವರ್ಷ ಬಾಳು. ನಿಮ್ಮಮ್ಮನ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ, ಅವಳಿಗೆ ಪುರುಸೊತ್ತಿಲ್ಲ.

ಇಂತಿ,
ಅಪ್ಪ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಿಮ್ಮಮ್ಮ ನಿನ್ನೆಯಿಂದ ಕಾರಿನಲ್ಲೇ ಕೂತಿದ್ದಾಳೆ. ಮನೆ ಮುಂದೆ ಹಿಂದಿನ ಬಾಗಿಲು ತೆಗೆದು ಹಿಡಿದು ಎಷ್ಟೋ ಹೊತ್ತು ಕಾದಳು. ಆಮೇಲೆ, “ಇಳೀತಾ ಇಲ್ಲ ರೀ. ನೀವು ಅಂದ ಮಾತಿಗೆ” ಅಂದಳು. ನೀನು ಹಡಗಿಗೆ ಹೊರಟ ದಿನ, ಇನ್ಮೇಲೆ ಈ ಮನೆಯಲ್ಲಿ ನಾವಿಬ್ಬರೇ ಅಂದಿದ್ದೆನಲ್ಲ, ಆ ಮಾತು. ಅದು ತಪ್ಪು. ಮೂವರು. ಈಗಷ್ಟೇ ಕಾರಿನ ಹತ್ತಿರ ಹೋಗಿ ಖಾಲಿ ಸೀಟಿಗೂ ಹೇಳಿ ಬಂದೆ, ನಿನಗೂ ಬರೆಯುತ್ತಿದ್ದೇನೆ. ಯಾವ ಕಡೆ ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ. ನೀನು ಬದುಕಿದ್ದರೆ ಒಂದು ಸಾಲು ಬರೆ, ಬೈದೇ ಬರೆ. ಯಾವ ಸ್ಟಾಪಿನಲ್ಲಿ ನಿಂತಿದ್ದೀಯೋ ಅಷ್ಟು ಹೇಳು. ತಿರುಗಿಸಿಕೊಂಡು ಬರುತ್ತೇನೆ.