ಬೆಲ್ಲ ಕಚ್ಚುತ್ತಿದ್ದ ಹಲ್ಲು

ಚಿಕ್ಕರಸಿನಕೆರೆ
೯ ಫೆಬ್ರವರಿ ೨೦೨೫

ಮಗಳು ದೀಪಿಕಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಮಳವಳ್ಳಿಯಲ್ಲಿ ನೀನು, ಅಳಿಯಂದಿರು, ಪಾಪು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನು ಎತ್ತಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಹಲ್ಲು ಕೀಳಿಸಿದ್ದೇನೆ ಕಣಮ್ಮ. ಮಾತಾಡಲು ಹೋದರೆ ಬರೀ ಗಾಳಿ ಬರುತ್ತದೆ. ಅದಕ್ಕೇ ಈ ಕಾಗದ.

ನನ್ನ ಕಾಲಿನ ಹೆಬ್ಬೆರಳ ಹುಣ್ಣು ಮಾಯದೇ ಇದ್ದದ್ದು ನಿನಗೆ ಗೊತ್ತು. ಮಂಡ್ಯದ ಡಾಕ್ಟರು ಕಾಲು ನೋಡಿ, ಶುಗರ್ ನೋಡಿ, ಆಮೇಲೆ ಬಾಯಿ ತೆಗೆಯಿರಿ ಅಂದರು. ಸಿಟ್ಟು ಬಂತು. "ಕಾಲು ತೋರ್ಸಕ್ ಬಂದೋನ ಬಾಯ್ ಯಾಕ್ ನೋಡ್ತೀರಿ?" ಅಂದುಬಿಟ್ಟೆ. ಅವರು ನಕ್ಕು ಹಲ್ಲಿನ ಡಾಕ್ಟರು ಸುನಿತಾ ಅವರ ಹತ್ತಿರ ಕಳಿಸಿದರು. ಆಯಮ್ಮ ಬಿಡಿಸಿ ಹೇಳಿದರು. ವಸಡಿನಲ್ಲಿ ಕೀವು ಇದ್ದರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟವಂತೆ, ಶುಗರ್ ಏರಿದಷ್ಟೂ ವಸಡು ಕೆಡುತ್ತದಂತೆ. ಅಲ್ಲಾಡುವ ಹಲ್ಲುಗಳನ್ನು ಕೀಳಿಸದೆ ಹೀಗೇ ಬಿಟ್ಟರೆ ಹುಣ್ಣು ಮಾಯುವುದಿಲ್ಲ, ಬೆರಳನ್ನೇ ತೆಗೆಯಬೇಕಾದೀತು ಎಂದರು.

ನಿನ್ನ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಮ್ಯಾಲಿನ ಹಲ್ಲು ಕಿತ್ರೆ ಕಣ್ಣು ಓಯ್ತವೆ ಕಣ್ಲಾ, ಬ್ಯಾಡ ಬುಡು." "ಕಣ್ಣು ಎಲ್ಲೂ ಓಗಲ್ಲ ಕಣವ್ವ, ಕಾಲು ಓಗೋದು ತಪ್ತದೆ" ಎಂದು ಬಸ್ಸು ಹತ್ತಿದೆ. ಅಲ್ಲಾಡುತ್ತಿದ್ದವೆಲ್ಲ ಹೋದವು.

ಆಲೆಮನೆಯಲ್ಲಿ ಜೊತೆಗೆ ಬೆಲ್ಲ ಕಾಯಿಸುವ ಕೆಂಪಸಿದ್ದಯ್ಯ, "ಹಲ್ಲಿಲ್ದೆ ಹದ ಎಂಗ್ ನೋಡೀಯಲಾ ಚಲುವಾ?" ಎಂದು ಆಡಿಕೊಂಡ. ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲೇ ಉಂಡೆ ಕಟ್ಟಿ ತೋರಿಸಿದೆ. ಮೊದಲಿಂದಲೂ ಅಷ್ಟೇ ಸಾಕಿತ್ತು. ಪ್ರತಿ ಕೊಪ್ಪರಿಗೆಗೂ ಒಂದು ತುಂಡು ಬೆಲ್ಲ ಕಟಕ್ಕನೆ ಕಚ್ಚಿ ನೋಡುತ್ತಿದ್ದದ್ದು ನನ್ನ ಜಂಬ. ಈಗ ನಾಲಿಗೆಗೂ ತಾಗಿಸುವುದಿಲ್ಲ. ಎಲೆಯಡಿಕೆಯ ಜೊತೆಗಿನ ಕಡ್ಡಿಪುಡಿ ಹೊಗೆಸೊಪ್ಪನ್ನೂ ಬಿಟ್ಟೆ. ಉಳಿದ ಹಲ್ಲುಗಳನ್ನು ರಾತ್ರಿಯೂ ಉಜ್ಜುತ್ತೇನೆ, ಅಜ್ಜಿ ನಗುತ್ತಾಳೆ, ನಗಲಿ. ಹುಣ್ಣು ಒಣಗುತ್ತಿದೆ. ಹಬ್ಬದ ಹೊತ್ತಿಗೆ ಈ ಕಾಲಲ್ಲೇ ನಡೆದು ನಿನ್ನ ಬಾಗಿಲಿಗೆ ಬಂದೇ ಬರುತ್ತೇನೆ.

ನಿನ್ನ ಮನೆ ತುಂಬಿರಲಿ, ಪಾಪುವಿನ ಹಾಲುಹಲ್ಲು ಗಟ್ಟಿಯಾಗಿ ಬರಲಿ.

ನಿನ್ನ ಅಪ್ಪ,
ಚಲುವರಾಜು

ತಾ.ಕ.: ಪಾಪುವಿಗೆ ಹೆಸರಿಟ್ಟ ದಿನ ಮುತ್ತು ಕೊಡಲು ಬಗ್ಗಿದೆ. ನೀನು ಮಗುವನ್ನು ಎದೆಗೆ ಅವಚಿಕೊಂಡು, "ಅಪ್ಪಾ, ಬಾಯಿ ವಾಸ್ನೆ" ಅಂದೆ. ಮೆಲ್ಲಗೇ ಅಂದೆ, ಆದರೆ ಬೀಗರಿಗೂ ಕೇಳಿಸಿತು. ನಿನ್ನದೇನೂ ತಪ್ಪಿಲ್ಲ. ಅವತ್ತಿನಿಂದ ನಾನು ಯಾರೆದುರೂ ಬಾಯಿಬಿಟ್ಟು ನಕ್ಕಿಲ್ಲ. ಮೊನ್ನೆ ಅಜ್ಜಿಯ ಮುಖಕ್ಕೇ ಉಸಿರು ಬಿಟ್ಟು ಕೇಳಿದೆ, ಏನೂ ಇಲ್ಲ ಅಂದಳು. ನಾನು ಬಂದಾಗ ಮಗುವನ್ನು ನನ್ನ ಕೈಗೆ ಕೊಡುತ್ತೀಯಾ?