ಅಕ್ಕನ ಹೆಸರಿನ ಮುಂದೆ

ಪುಟ್ಟಿ,

ಗಂಟೆ ಎರಡೂಮುಕ್ಕಾಲು. ಪಾಪು ಹಾಲಿನ ಬಾಟಲಿ ಬೀಳಿಸಿದ ಸದ್ದಿಗೆ ಎದ್ದವಳಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ನಾನೇ ಫೋನ್ ಮಾಡಿದರೆ ಜಗಳವಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕರ ಪಾಳಿಗೆ ಹೋಗುವಾಗ ನಿನ್ನ ಭಾವ ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸುತ್ತಾರೆ. ಕವರು ಅಂಟಿಸಿದ್ದೇನೆ.

ನಿನ್ನೆ ನೀನು ನಿರುದ್ಯೋಗ ಸಮೀಕ್ಷೆಗೆ ಬಂದಾಗ ನಾನು ಪಾಪುಗೆ ಸ್ನಾನ ಮಾಡಿಸುತ್ತಿದ್ದೆ. ಆದರೂ ಎಲ್ಲ ಕೇಳಿಸಿತು.

"ಅಕ್ಕ ಕೆಲಸ ಹುಡುಕ್ತಿದ್ದಾಳಾ, ಅತ್ತೆ?" ಅಂದೆ ನೀನು.

"ಅವಳಿಗ್ಯಾಕಮ್ಮ ಕೆಲಸ? ಹಾಯಾಗಿ ಮನೇಲಿದ್ದಾಳೆ," ಅಂದರು ನಮ್ಮತ್ತೆ.

"ಪುಣ್ಯವಂತೆ ಬಿಡಿ," ಎಂದು ನೀನು ನಕ್ಕು, 'ಇಲ್ಲ' ಎಂದು ಬರೆದುಕೊಂಡೆ.

ಕೆಲಸ ಹುಡುಕುತ್ತಿಲ್ಲ ಅಂತ ಬರೆದರೆ ನಾನು ನಿರುದ್ಯೋಗಿಗಳ ಲೆಕ್ಕಕ್ಕೂ ಸೇರುವುದಿಲ್ಲ. ನಿನಗೆ ಗೊತ್ತಿರಬೇಕು, ಪರೀಕ್ಷೆಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟವಳು ನಾನೇ ತಾನೆ? ಆಮೇಲೆ ಪಾಪು ನಿನ್ನ ಕೊರಳಿನ ಗುರುತಿನ ಚೀಟಿ ಹಿಡಿದು ಜಗ್ಗಿದಾಗ ನನಗೆಷ್ಟು ಹೊಟ್ಟೆ ಉರಿಯಿತು ಗೊತ್ತಾ? ಕಿತ್ತೇ ಬರಲಿ ಅಂದುಕೊಂಡೆ.

ಕಳೆದ ತಿಂಗಳು ಎಲ್ಲಿಗಾದರೂ ಅರ್ಜಿ ಹಾಕಿದ್ದಾರಾ ಎಂಬ ಪ್ರಶ್ನೆ ಇದೆಯಲ್ಲ, ಅದಕ್ಕೆ 'ಹೌದು' ಅಂತ ತಿದ್ದು. ಎಲ್ಲಿಗೆ ಅಂದರೆ, ನಿನ್ನ ಈ ಕೆಲಸಕ್ಕೇ. ನೀನು ಸಂದರ್ಶನಕ್ಕೆ ಹೋದ ಮಾರನೇ ದಿನ ನಾನೂ ಹೋಗಿದ್ದೆ. ಪಾಪುನ ತೊಡೆ ಮೇಲೆ ಕೂರಿಸಿಕೊಂಡೇ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಹೇಳಿದೆ. ಆಮೇಲೆ ಅವರು ಕೇಳಿದ್ದು ಮಗುವಿನ ವಯಸ್ಸೊಂದೇ. ಇದು ನಿನ್ನ ಭಾವನಿಗೂ ಗೊತ್ತಿಲ್ಲ.

ಒಂಬತ್ತಕ್ಕೆ ಫಾರಂ ಒಪ್ಪಿಸುತ್ತೀಯಂತೆ. ಅತ್ತೆ ಆರಕ್ಕೇ ಏಳುತ್ತಾರೆ. ಬೆಳಕು ಹರಿಯುವ ಮುಂಚೆ ಫೋನ್ ಮಾಡೇ. ಬೈದರೂ ಸರಿ, ನಕ್ಕರೂ ಸರಿ, ತಿದ್ದಿದೆ ಅಂತ ಒಂದು ಮಾತು ಹೇಳಿಬಿಡು.

ಫೋನ್ ಕೈಯಲ್ಲೇ ಹಿಡಿದು ಕೂತಿರುವ
ನಿನ್ನ ಅಕ್ಕ