ಮೀಟರು ಕೂರಿಸಲು ಬಂದ ದಿನ

ತಿಪಟೂರು
12 ಆಗಸ್ಟ್ 2004

ಪ್ರೀತಿಯ ಫಜಲು ಭಾಯ್‌ಗೆ,

ನಿನ್ನ ತಂಗಿ ನಸೀಮಳ ಸಲಾಮ್. ನಿನ್ನ ಕೆಮ್ಮು ಹೇಗಿದೆ? ಗೋವಾದ ಮಳೆಯಲ್ಲಿ ನೆನೆದುಕೊಂಡೇ ರಿಪೇರಿಗೆ ಲಾರಿಗಳ ಕೆಳಗೆ ನುಗ್ಗುತ್ತೀಯಂತೆ, ಭಾಬಿ ಅಮ್ಮಿಯ ಹತ್ತಿರ ದೂರು ಹೇಳಿದರು. ಮಾಹಿರಾ ಈಗಲಾದರೂ ಅಳದೆ ಸ್ಕೂಲಿಗೆ ಹೋಗುತ್ತಾಳಾ? ಅವಳಿಗೊಂದು ಫ್ರಾಕು ಹೊಲಿದಿಟ್ಟಿದ್ದೇನೆ, ಗುಂಡಿ ಹಚ್ಚುವುದು ಮಾತ್ರ ಬಾಕಿ. ಅಮ್ಮಿ ಚೆನ್ನಾಗಿದ್ದಾರೆ. ನಮ್ಮ ಮನೆಯವರು ಬದುಕಿದ್ದಾರೆ. ಅದನ್ನು ಮೊದಲು ಹೇಳಿಬಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಫೋನಿನಲ್ಲಿ ಅಮ್ಮಿ ಅತ್ತದ್ದೇ ಹೆಚ್ಚು, ಹೇಳಿದ್ದು ಕಡಿಮೆ.

ನಮ್ಮ ಟೈಲರ್ ಅಂಗಡಿ ಇರುವ ಶ್ರೀರಂಗಯ್ಯನ ಬಿಲ್ಡಿಂಗ್ ನಿನಗೆ ಗೊತ್ತಲ್ಲ, ಕೊಬ್ಬರಿ ಮಂಡಿಯ ಹಿಂದಿನದು. ಇಡೀ ಬಿಲ್ಡಿಂಗಿಗೆ ಅವನ ಹೆಸರಿನ ಒಂದೇ ಮೀಟರು. ಅದರಿಂದ ಒಂದೊಂದು ಅಂಗಡಿಗೂ ಅವನೇ ತಂತಿ ಎಳೆದು, ಕರೆಂಟು ಕಂಪನಿ ಅವನಿಂದ ತೆಗೆದುಕೊಳ್ಳುವುದರ ಎರಡರಷ್ಟನ್ನು ನಮ್ಮಿಂದ ಕೀಳುತ್ತಿದ್ದ. ಯುಗಾದಿಗೆ ಮತ್ತೆ ಏರಿಸಿದ. ಎದುರು ಮಾತಾಡಿದವರ ಫ್ಯೂಸು ಕಿತ್ತು ಜೇಬಿಗಿಳಿಸಿಕೊಂಡು ತೋಟಕ್ಕೆ ಹೊರಟುಬಿಡುತ್ತಿದ್ದ. ಪಕ್ಕದ ರಾಗಿ ಮಿಲ್ಲಿನ ಗಂಗಾಧರಣ್ಣ, ಬಿಳಿಗೆರೆಯವರು, ಎಲ್ಲೋ ಕೇಳಿಕೊಂಡು ಬಂದು ಹೇಳಿದರು: ಕರೆಂಟಿಗೆ ಇಷ್ಟೇ ದರ, ಇದರ ಮೇಲೆ ಕೇಳುವಂತಿಲ್ಲ ಎಂದು ಕಟ್ಟು ಹಾಕಲು ಒಂದು ಆಯೋಗವಿದೆ, ಕಾನೂನೇ ಅದಕ್ಕೆ ಆ ಅಧಿಕಾರ ಕೊಟ್ಟಿದೆ, ಅದು ಹೇಳಿದ್ದನ್ನು ಕಂಪನಿಯೇ ಮೀರುವಂತಿಲ್ಲ, ಇನ್ನು ಈ ಶ್ರೀರಂಗಯ್ಯ ಯಾವ ಲೆಕ್ಕ ಎಂದು. ಅರ್ಜಿ ಕೊಟ್ಟೆವು. ಆಯೋಗದವರು ತುಮಕೂರಿಗೆ ಬಂದು ಅಹವಾಲು ಕೇಳಿದಾಗ ಮೈಕಿನ ಮುಂದೆ ನಿಂತು ಮಾತಾಡಿದವಳು ನಾನೇ. ಶಾಲೆಯಲ್ಲಿ ಪದ್ಯ ಹೇಳಲು ಎದ್ದು ನಿಂತರೆ ಬೆವರುತ್ತಿದ್ದೆನಲ್ಲ, ಅದೇ ನಸೀಮ್! ಶ್ರೀರಂಗಯ್ಯ ಎದ್ದು, “ಬಿಲ್ಡಿಂಗ್ ನಂದು, ತಂತಿ ನಂದು, ರೇಟೂ ನಂದೇ ಕಣ್ರೀ” ಅಂದ. ಅಲ್ಲಿ ಕುಳಿತಿದ್ದ ಆಯೋಗದ ಮೇಡಂ ಕನ್ನಡಕ ತೆಗೆದು, “ತಂತಿ ನಿಮ್ಮದಿರಬಹುದು, ದರ ನಿಮ್ಮದಲ್ಲ” ಅಂದರು. ನಿಗದಿಯಾದ ದರಕ್ಕಿಂತ ಹೆಚ್ಚು ವಸೂಲಿ ಮಾಡಕೂಡದು, ಪ್ರತಿ ಅಂಗಡಿಗೂ ಬೇರೆ ಮೀಟರು ಕೊಡಬೇಕು ಎಂದು ಆದೇಶವಾಯಿತು. ಆ ದಿನ ಬಸ್ಸಿನಲ್ಲಿ ನಮ್ಮ ಮನೆಯವರು ಎಲ್ಲರಿಗೂ ಬಿಸ್ಕತ್ತು ಹಂಚಿದರು.

ಹೋದ ಮಂಗಳವಾರ ಬೆಳಿಗ್ಗೆ ಲೈನ್‌ಮನ್ ತಿಪ್ಪಯ್ಯ ಮೀಟರು ಕೂರಿಸಲು ಬಂದ. ಮೊದಲು ನಮ್ಮ ಅಂಗಡಿಯ ಗೋಡೆಗೆ. ಅವನು ಎರಡನೇ ಸ್ಕ್ರೂ ಬಿಗಿಯುತ್ತಿರುವಾಗ ಶ್ರೀರಂಗಯ್ಯನ ಜೀಪು, ಅದರ ಹಿಂದೆ ಒಂದು ಟೆಂಪೋ ಬಂದು ನಿಂತವು. ಟೆಂಪೋದಿಂದ ಅವನ ತೋಟದ ಆಳುಗಳು ದುಮುಕಿದರು. ಮುಂದೆ ಇದ್ದವನು ದುರ್ಗಯ್ಯ. ಕೈಯಲ್ಲಿ ಹಾರೆ. ತಿಪ್ಪಯ್ಯನನ್ನು ಏಣಿಯ ಸಮೇತ ಕೆಡವಿದರು. ಒಂದೇ ಏಟಿಗೆ ಮೀಟರಿನ ಗಾಜು ನನ್ನ ಮಿಷನ್ನಿನ ಮೇಲೆಲ್ಲ ಚೆಲ್ಲಿತು. ನಮ್ಮ ಮನೆಯವರು ಎರಡು ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು, “ಸರ್ಕಾರದ ಆರ್ಡರ್ ಐತೆ ಕಣಪ್ಪಾ” ಎನ್ನುತ್ತಿದ್ದರು. ದುರ್ಗಯ್ಯ ಹಾರೆ ಎತ್ತಿ ಅವರ ಬಲಗೈಯ ಮೇಲೆ ಇಳಿಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು ಭಾಯ್. ಮುಂಗೈ ಇರಬೇಕಾದ ಕಡೆ ಇರದೆ ಜೋತಾಡಿತು. ಅವರು ಮಂಡಿಯೂರಿ ಕುಳಿತು ತಮ್ಮ ಕೈಯನ್ನೇ ನೋಡುತ್ತಿದ್ದರು. ಗಂಗಾಧರಣ್ಣ ಸ್ಪ್ಯಾನರು ಹಿಡಿದು ಓಡಿ ಬಂದು ಒಬ್ಬನ ಭುಜಕ್ಕೆ ಬಾರಿಸಿದರು. ಮತ್ತೊಬ್ಬ ಮಚ್ಚಿನ ಹಿಂಬದಿಯಿಂದ ಅವರ ತಲೆ ಒಡೆದ. ಮುಖದ ತುಂಬ ರಾಗಿ ಹಿಟ್ಟು, ಅದರ ಮೇಲೆ ರಕ್ತ ಇಳಿದು ಕೆಸರಿನಂತಾಯಿತು. ನನ್ನ ಜಡೆ ಹಿಡಿದು ಎಳೆದವನ ಕೈಯನ್ನು ನಾನು ಕಚ್ಚಿದೆ, ಬಾಯಿಗೆ ಉಪ್ಪು ಬರುವವರೆಗೂ ಬಿಡಲಿಲ್ಲ.

ಜೀಪಿನಿಂದ ಇಳಿಯದೆಯೇ ಶ್ರೀರಂಗಯ್ಯ ಕಿರುಚಿದ, “ತಂತಿನೂ ಕಿತ್ತಾಕ್ಲಾ ದುರ್ಗಾ! ಬಡ್ಡಿಮಕ್ಳು ಕತ್ಲಲ್ಲಿ ಸಾಯ್ಲಿ!” ನೆಲದ ಮೇಲಿದ್ದ ತಿಪ್ಪಯ್ಯ, “ಲೈನಲ್ಲಿ ಕರೆಂಟ್ ಐತೆ, ಮುಟ್ಟಬ್ಯಾಡ್ವೋ!” ಅಂದ. ಅಷ್ಟರಲ್ಲಿ ದುರ್ಗಯ್ಯ ಹಾರೆಯ ತುದಿಯನ್ನು ತಂತಿಗೆ ಸಿಕ್ಕಿಸಿ ಜಗ್ಗಿದ್ದ. ಕರೆಂಟು ಅವನನ್ನು ಹಿಡಿದುಕೊಂಡಿತು. ಬಾಯಿ ತೆರೆದಿತ್ತು, ದನಿ ಇಲ್ಲ. ಮೈ ಬಿಲ್ಲಿನ ಹಾಗೆ ಬಾಗಿ ಅದುರುತ್ತಿತ್ತು. ಬೆರಳುಗಳ ಸಂದಿಯಿಂದ ಹೊಗೆ ಬಂತು, ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಅವನ ಜೊತೆ ಬಂದವರು ಹಿಂದೆ ಸರಿದರು. ಜೀಪು ತಿರುಗಿಸಿಕೊಂಡು ಶ್ರೀರಂಗಯ್ಯ ಹೊರಟೇಹೋದ. ಗುಂಪಿನಲ್ಲಿ ಯಾರೋ, “ಸಾಯ್ಲಿ ಬುಡು” ಅಂದರು. ನನಗೂ ಹಾಗೇ ಅನ್ನಿಸಿತು, ಅಲ್ಲಾಹ್ ಕ್ಷಮಿಸಲಿ. ಆದರೂ ನನ್ನ ಮರದ ಸ್ಟೂಲನ್ನು ಎತ್ತಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅವನ ತೋಳಿಗೆ ಹೊಡೆದೆ. ಬಿಡಿಸಲು ಹೊಡೆದೆನೋ, ಸೇಡಿಗೆ ಹೊಡೆದೆನೋ, ಆ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ. ಹಾರೆ ಒಂದು ಕಡೆ ಬಿತ್ತು, ಅವನೊಂದು ಕಡೆ ಬಿದ್ದ. ತಿಪ್ಪಯ್ಯ ಕುಂಟುತ್ತಾ ಬಂದು ಅವನ ಎದೆ ಒತ್ತಿ ಒತ್ತಿ ಉಸಿರು ಬರಿಸಿದ.

ಹೊಡೆಯಲು ಬಂದ ಟೆಂಪೋದಲ್ಲೇ ಎಲ್ಲರನ್ನೂ ಆಸ್ಪತ್ರೆಗೆ ಸಾಗಿಸಿದೆವು. ನಮ್ಮ ಮನೆಯವರೂ ದುರ್ಗಯ್ಯನೂ ಪಕ್ಕಪಕ್ಕದಲ್ಲೇ ಮಲಗಿದ್ದರು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಇಬ್ಬರ ತಲೆಯೂ ತಾಗುತ್ತಿತ್ತು. ದುರ್ಗಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ವಾರ್ಡಿಗೆ ನುಗ್ಗಿದವಳೇ ನನ್ನ ಕೆನ್ನೆಗೆ ಬಾರಿಸಿದಳು; ನಾವೇ ಅವಳ ಗಂಡನನ್ನು ತಂತಿಗೆ ತಳ್ಳಿದೆವೆಂದು ಶ್ರೀರಂಗಯ್ಯ ಅವಳಿಗೂ ಪೊಲೀಸರಿಗೂ ಹೇಳಿದ್ದ. “ಬುಡಮ್ಮೋ, ಅವಳೇ ಬಿಡಿಸಿದ್ದು” ಎಂದು ಮಂಚದಿಂದ ನಮ್ಮ ಮನೆಯವರು ಕೂಗಿದರು. ಅವಳು ನಂಬಲಿಲ್ಲ. ಪೊಲೀಸರೂ ನಂಬಲಿಲ್ಲ. ಕೊಲೆ ಮಾಡಲು ನೋಡಿದರೆಂದು ಇವರ ಮೇಲೂ ಗಂಗಾಧರಣ್ಣನ ಮೇಲೂ ಕೇಸು ಬರೆದುಕೊಂಡರು. ಮಂಚದ ಪಕ್ಕದಲ್ಲಿ ಒಬ್ಬ ಕಾನ್‌ಸ್ಟೇಬಲ್ ಕುಳಿತ. ಅವನೇ ಇವರಿಗೆ ನೀರು ಕುಡಿಸುತ್ತಿದ್ದ, ಪಾಪ.

ಅಮ್ಮಿ ನಿನಗೆ ದುವಾ ಹೇಳಿದ್ದಾರೆ. ಭಾಬಿಗೆ ಸಲಾಮ್, ಮಾಹಿರಾಳ ಎರಡು ಕೆನ್ನೆಗೂ ಮುತ್ತು. ಅಲ್ಲಾಹ್ ನಿಮ್ಮನ್ನು ಸುಖವಾಗಿಡಲಿ.

ನಿನ್ನ ತಂಗಿ,
ನಸೀಮ್ ಬಾನು

ತಾ.ಕ.: ಕವರು ಅಂಟಿಸಿದ ಮೇಲೆ ಲಕ್ಷ್ಮಿದೇವಮ್ಮ ಅಂಗಡಿಗೆ ಬಂದಿದ್ದಳು, ಅದಕ್ಕೇ ಬಿಚ್ಚಿ ಬರೆಯುತ್ತಿದ್ದೇನೆ. ನೀನು ರಜೆ ಹಾಕಿ ಬಂದು ದುರ್ಗಯ್ಯನ ಕೈ ಕಡಿಯುತ್ತೇನೆ ಅಂದೆಯಂತೆ, ಅಮ್ಮಿ ಈಗ ಬಾಯಿಬಿಟ್ಟರು. ಲಕ್ಷ್ಮಿದೇವಮ್ಮನೇ ಹೇಳಿದಳು, ಅವನನ್ನು ಬೆಂಗಳೂರಿಗೆ ಸಾಗಿಸಿದ್ದರಂತೆ, ಅಲ್ಲಿನ ಡಾಕ್ಟರು ನಿನ್ನೆ ಅವನ ಬಲಗೈಯನ್ನು ಮೊಣಕೈವರೆಗೂ ತೆಗೆದರು. ಎಚ್ಚರವಾದ ಮೇಲೆ ಪೊಲೀಸರಿಗೆ, “ನನ್ನ ಯಾರೂ ತಳ್ಳಲಿಲ್ಲ. ಧಣಿ ಕೀಳು ಅಂದ್ರು, ಕಿತ್ತೆ” ಎಂದು ಹೇಳಿ ಎಡಗೈ ಹೆಬ್ಬೆಟ್ಟು ಒತ್ತಿದನಂತೆ. ಬಾ ಭಾಯ್, ಆದರೆ ಚಾಕು ಗೀಕು ಏನೂ ತರಬೇಡ. ನಾನು ಅಂಗಡಿ ತೆರೆದಿರುತ್ತೇನೆ. ನೀನು ನಾಲ್ಕು ದಿನ ಇದ್ದು ನಮ್ಮ ಮನೆಯವರಿಗೆ ಊಟ ಮಾಡಿಸು.